ಡೇಲ್‌ನ ತೋಳು, ಜಲೀಲನ ಜಾಕೆಟ್

ಗಂಡಸರ ವಿಷಯದಲ್ಲಿ ನನಗೆ ಮೊದಲಿನಿಂದಲೂ ತಾಳ್ಮೆ ಕಡಿಮೆ. ಇಪ್ಪತ್ತಮೂರು ವರ್ಷದಿಂದ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಫೋಟೋ ತೆಗೆಯುತ್ತಿದ್ದೇನೆ. ಹೆಂಗಸು ಕೂದಲು ಸರಿಮಾಡಿಕೊಂಡರೆ ಮುಗಿಯಿತು. ಗಂಡಸು ಹಾಗಲ್ಲ, ಉಸಿರು ಬಿಗಿಹಿಡಿದು ಎದೆ ಉಬ್ಬಿಸುತ್ತಾನೆ. ಪಾಸ್‌ಪೋರ್ಟ್ ಫೋಟೋದಲ್ಲಿ ಎದೆ ಬರುವುದಿಲ್ಲ ಮಾರಾಯ ಎಂದರೂ ಕೇಳುವುದಿಲ್ಲ.

ಈ ಬೀದಿಯಲ್ಲಿ ನಾನು ಮರ್ಯಾದೆ ಕೊಟ್ಟ ಗಂಡಸು ಒಬ್ಬರೇ. ಪಕ್ಕದ ಅಂಗಡಿಯ ದರ್ಜಿ ಉಮ್ಮರಬ್ಬ, ಉಳ್ಳಾಲದ ಬ್ಯಾರಿ. ನಾನು ಕರೆಯುವುದು ಉಮ್ಮರಾಕ ಎಂದು. ನಮ್ಮ ಕೊಂಕಣಿ ಹೆಂಗಸರನ್ನು ಕರೆಯುವ ಹಾಗೆ ಅವರಿಗೆ ನಾನು ಬೆಟ್ಟಿ ಬಾಯಿ. ಒಂದೇ ಅಂಗಡಿಯನ್ನು ಗಾಜು ಹಾಕಿ ಎರಡು ಮಾಡಿದ್ದರಿಂದ ಅವರ ಹೊಲಿಗೆ ನನಗೆ ಕಾಣುತ್ತದೆ, ನನ್ನ ಫೋಟೋ ಅವರಿಗೆ ಕಾಣುತ್ತದೆ. ದಿನಾ ನಾಲ್ಕು ಗಂಟೆಗೆ ಅವರ ಕಡೆಯಿಂದ ನನಗೊಂದು ಲೋಟ ಹಾಲಿಲ್ಲದ ಸುಲೈಮಾನಿ ಚಹಾ ಬರುತ್ತದೆ.

ಬೇರೆ ದರ್ಜಿಗಳು ಟೇಪು ಹಿಡಿದು ಹುಡುಗನಿಗೆ ಅಳತೆ ಕೂಗಿ ಹೇಳುತ್ತಾರೆ. ಹೊಟ್ಟೆ ನಲವತ್ತನಾಲ್ಕು ಎಂದು ಇಡೀ ಬೀದಿಗೆ ಕೇಳಿಸುತ್ತದೆ. ಉಮ್ಮರಾಕ ಬಾಯಿ ಬಿಡುವುದಿಲ್ಲ, ತಾವೇ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಒಬ್ಬನ ಮೈ ಅಳತೆ ನಮ್ಮ ಹತ್ತಿರ ನಂಬಿ ಇಟ್ಟ ಅಮಾನತು, ಅದನ್ನು ಹೊರಗೆ ಹಾಕಬಾರದು ಅನ್ನುತ್ತಿದ್ದರು. ಅಂಥವರು ಒಂದೇ ಒಂದು ಸಲ ಬಾಯಿ ಬಿಟ್ಟರು. ಅದರಿಂದ ಆದದ್ದೇನು ಎಂದು ಹೇಳುತ್ತೇನೆ.

ಇರಾಕಿನ ಯುದ್ಧದ ವರ್ಷಗಳಲ್ಲಿ ಅಮೆರಿಕದ ಗಂಡಸರು ಈ ಬೀದಿಗೆ ಬರತೊಡಗಿದರು. ಸೈನಿಕರಲ್ಲ, ಸೈನ್ಯ ಬಿಟ್ಟು ಕಂಪೆನಿಯ ಸಂಬಳಕ್ಕೆ ಬಂದೂಕು ಹಿಡಿದವರು. ನನ್ನಲ್ಲಿ ಫೋಟೋ, ಉಮ್ಮರಾಕನಲ್ಲಿ ಹತ್ತು ಜೇಬಿನ ಪ್ಯಾಂಟು. ಅವರಲ್ಲೊಬ್ಬ ಡೇಲ್. ಆಗ ಮೂವತ್ತು ವರ್ಷ, ನುಣ್ಣಗೆ ಬೋಳಿಸಿದ ಗಲ್ಲ, ಮಾತಿಗೊಮ್ಮೆ ಸರ್ ಅನ್ನುತ್ತಿದ್ದ. ಪ್ಯಾಂಟಿನ ಉದ್ದ ನೋಡಿಸುತ್ತಾ ಒಮ್ಮೆ ತನ್ನ ಅಪ್ಪನ ಸುದ್ದಿ ತೆಗೆದನಂತೆ. ಆ ಅಪ್ಪ ಸರಕಾರ ಕರೆದಾಗ ವಿಯೆಟ್ನಾಮಿಗೆ ಹೋಗಿ, ಬಂದಮೇಲೆ ಟಯರ್ ಮಾರಿಕೊಂಡು, ಸಾಯುವ ತನಕ ಅಲ್ಲಿನ ಒಂದು ಮಾತೂ ಆಡಲಿಲ್ಲ. ಮಗ ದುಡ್ಡಿಗೆ ಯುದ್ಧಕ್ಕೆ ಹೋಗುತ್ತಾನೆಂದು ನಾಚಿಕೆಪಟ್ಟು ಅವನ ಫೋನು ಎತ್ತುವುದನ್ನೂ ಬಿಟ್ಟಿದ್ದರಂತೆ.

ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಡೇಲ್ ಗಡ್ಡ ಬಿಟ್ಟ, ಕುತ್ತಿಗೆವರೆಗೆ ಹಚ್ಚೆ ಹಾಕಿಸಿಕೊಂಡ, ಒಳಗೆ ಬಂದರೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ. ಉಮ್ಮರಾಕ ಅಷ್ಟು ಗಡ್ಡ ಇಟ್ಟುಕೊಂಡು ವಿಮಾನ ಹತ್ತಲು ಹೋದರೆ ಚೀಲ ಎರಡು ಸಲ ಬಿಚ್ಚಿಸುತ್ತಾರೆ. ಇವನದ್ದು ಸ್ಟೈಲು. ಈಗ ಐವತ್ತು ದಾಟಿದ್ದಾನೆ, ಯುದ್ಧಕ್ಕೆ ಹೋಗುವುದಿಲ್ಲ, ಯುದ್ಧದ ಮಾತು ಮಾರುತ್ತಾನೆ. ದುಬೈಯಲ್ಲಿ ಮೈಕಿನ ಮುಂದೆ ಕೂತು ಗಂಡಸು ಅಂದರೆ ಯಾರು ಎಂದು ವಾರಕ್ಕೆರಡು ಸಲ ಯೂಟ್ಯೂಬಿನಲ್ಲಿ ಹೇಳಿಕೊಡುತ್ತಾನೆ. ಮರಳುಗಾಡಿನಲ್ಲಿ ಮೂರು ದಿನದ ಕ್ಯಾಂಪು ಮಾಡಿ ಗಟ್ಟಿಮುಟ್ಟಾದ ಹುಡುಗರಿಂದ ಮರದ ದಿಮ್ಮಿ ಹೊರಿಸುತ್ತಾನೆ, ಐಸಿನ ತೊಟ್ಟಿಯಲ್ಲಿ ಕೂರಿಸುತ್ತಾನೆ. ಅಪ್ಪನ ಬಾಯಿಂದ ಬಾರದ ಮಾತೆಲ್ಲ ಮಗನ ಬಾಯಲ್ಲಿ ವ್ಯಾಪಾರಕ್ಕೆ ಬಂತು.

ಉಮ್ಮರಾಕನ ಮಗ ಸಿದ್ದೀಕ್ ಅಂಥ ಒಂದು ಕ್ಯಾಂಪಿಗೆ ಹೋಗಿ ಬಂದ. ಇಪ್ಪತ್ತನಾಲ್ಕು ವರ್ಷ, ಹುಟ್ಟಿದ್ದು ಇಲ್ಲೇ, ಜೆಬೆಲ್ ಅಲಿಯ ಗೋದಾಮಿನಲ್ಲಿ ಕಾಗದಪತ್ರ ನೋಡುವ ಕೆಲಸ. ಬಂದವನೇ ಅದಕ್ಕೆ ರಾಜೀನಾಮೆ ಬರೆದ. ಆಫ್ರಿಕಾದ ಒಂದು ಗಣಿಗೆ ಕಾವಲಿಗೆ ಡೇಲ್ ಹತ್ತು ಹುಡುಗರನ್ನು ಆರಿಸಿದ್ದ. ಅಮೆರಿಕದವರು ಸಲಹೆಗಾರರು, ಗೇಟಿನಲ್ಲಿ ನಿಲ್ಲುವವರು ಈ ಹುಡುಗರು. ತಾಯಿ ಬೀಪಾತುಮ್ಮ ಊಟ ಬಿಟ್ಟರು. ಹುಡುಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಇಲ್ಲಿ ಜಲೀಲನ ವಿಷಯ ಹೇಳಬೇಕು. ಜಲೀಲ್ ಬೀಪಾತುಮ್ಮನ ತಮ್ಮ. ಎರಡು ಸಾವಿರದ ಐದರಲ್ಲಿ ಡೇಲ್‌ನ ಕಂಪೆನಿಯಲ್ಲೇ ಪಾತ್ರೆ ತೊಳೆಯುವ ಕೆಲಸಕ್ಕೆ ಇರಾಕಿಗೆ ಹೋದವನು. ಹೋಗುವ ಮೊದಲು ಅಡುಗೆಯವರಿಗೂ ಬಟ್ಟೆ ಒಗೆಯುವವರಿಗೂ ಗುಂಡು ತಡೆಯುವ ನಲವತ್ತು ಜಾಕೆಟ್ ಹೊಲಿಯಲು ಡೇಲ್ ಉಮ್ಮರಾಕನಿಗೆ ಕೊಟ್ಟ. ಒಳಗೆ ಹಾಕುವ ಉಕ್ಕಿನ ಪ್ಲೇಟು ಬಂದಿರಲಿಲ್ಲ. ಪ್ಲೇಟು ಅಲ್ಲಿಗೆ ಹೋದಮೇಲೆ ಸಿಗುತ್ತದೆ, ಸದ್ಯಕ್ಕೆ ಫೋಮ್ ಹಾಕು ಅಂದ. ಉಮ್ಮರಾಕ ಸೋಫಾಕ್ಕೆ ಹಾಕುವ ಹಳದಿ ಫೋಮ್ ಕತ್ತರಿಸಿ ಹಾಕಿದರು. ಭಾವಮೈದುನನ ಜಾಕೆಟಿಗೆ ಮಾತ್ರ ಎರಡು ಸಾಲು ಹೊಲಿಗೆ ಹಾಕಿದರು. ಪ್ಲೇಟು ಬರಲೇ ಇಲ್ಲ. ಇರಾಕಿನ ಆ ಕ್ಯಾಂಪಿನ ಮೇಲೆ ಶೆಲ್ ಬಿದ್ದ ದಿನ ಹೆಬ್ಬೆರಳಿನ ಉಗುರಿನಷ್ಟು ಚೂರು ಆ ಫೋಮಿನೊಳಗಿಂದ ಹಾದು ಜಲೀಲನ ಎದೆಗೆ ಹೋಯಿತು. ಈಗ ಉಳ್ಳಾಲದಲ್ಲಿ ಕೂತಿದ್ದಾನೆ, ಸ್ನಾನದ ಬಕೆಟ್ ಎತ್ತಲು ಆಗುವುದಿಲ್ಲ. ಆ ಜಾಕೆಟ್ ಹೊಲಿದವರು ಯಾರೆಂದು ಬೀಪಾತುಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಶುಕ್ರವಾರ ನಮಾಜು ಮುಗಿಸಿ ಉಮ್ಮರಾಕ ಮಗನನ್ನು ಅಂಗಡಿಗೆ ಕರೆತಂದರು. ನನ್ನನ್ನೂ ಕೂರಲು ಹೇಳಿದರು. ಒಬ್ಬರೇ ಹೇಳುವ ಧೈರ್ಯ ಅವರಿಗೆ ಇರಲಿಲ್ಲ ಅಂತ ಕಾಣುತ್ತದೆ. ಈಗಲೂ ಇವರಲ್ಲೇ ಬಟ್ಟೆ ಹೊಲಿಸುವ ಡೇಲ್ ರಿಪೇರಿಗೆ ಕೊಟ್ಟಿದ್ದ ಶರ್ಟನ್ನು ಮೇಜಿನ ಮೇಲೆ ಹಾಕಿ ಒಳಮೈ ತಿರುಗಿಸಿದರು. ಭುಜದಲ್ಲೂ ಎದೆಯಲ್ಲೂ ಹಳದಿ ಫೋಮ್. ತೋಳಿನ ಹೊಲಿಗೆ ಅರ್ಧ ಇಂಚು ಬಿಗಿ. ಬಿಗಿ ಮಾಡಿದರೆ ಸಣ್ಣ ತೋಳೂ ದಪ್ಪ ಕಾಣುತ್ತದೆ.

"ಅವನ ತೋಳು ಹದಿಮೂರು ಇಂಚು," ಅಂದರು. "ನಿನ್ನದಕ್ಕಿಂತ ಸಣ್ಣದು. ಉಳಿದದ್ದು ನಾನು ಮಾಡಿ ಕೊಟ್ಟದ್ದು."

ನಲವತ್ತು ವರ್ಷ ಕಾಪಾಡಿದ ಅಮಾನತು ಹೀಗೆ ಹೋಯಿತು. ಸಿದ್ದೀಕ್ ನಕ್ಕ. ಅದು ಬ್ರ್ಯಾಂಡಿಂಗ್ ಉಪ್ಪ, ಎಲ್ಲರೂ ಮಾಡ್ತಾರೆ, ನನಗೂ ಒಂದು ಹೊಲಿದು ಕೊಡಿ ಎಂದು ಅಪ್ಪನಿಗೇ ಹೇಳಿದ. ನನಗೆ ಕಪಾಳಕ್ಕೆ ಎರಡು ಬಾರಿಸುವಷ್ಟು ಸಿಟ್ಟು ಬಂತು.

ಆಗ ಉಮ್ಮರಾಕ ಉಳಿದದ್ದನ್ನೂ ಹೇಳಿದರು. ಜಲೀಲ್ ಮಾಮನ ಜಾಕೆಟಿನಲ್ಲಿ ಇದ್ದದ್ದು ಇದೇ ಫೋಮ್, ಹಾಕಲು ಹೇಳಿದ್ದು ಡೇಲ್, ಹಾಕಿದ್ದು ನಾನು ಎಂದರು. ಹುಡುಗನ ನಗು ನಿಂತಿತು. ಶರ್ಟಿನ ಒಳಗಿನ ಫೋಮನ್ನು ಬೆರಳಿನಿಂದ ಒತ್ತಿ ನೋಡಿದ. ತಪ್ಪಿತು ಗಂಡಾಂತರ, ಇನ್ನು ಇವನು ಹೋಗುವುದಿಲ್ಲ ಎಂದುಕೊಂಡೆ.

"ಗೊತ್ತಿದ್ದೂ ಹೊಲಿದಿರಾ?"

"ಗೊತ್ತಿತ್ತು."

"ಹಾಗಾದ್ರೆ ಆಗುದಿಲ್ಲ ಅಂತ ನೀವು ಯಾಕೆ ಹೇಳ್ಲಿಲ್ಲ, ಉಪ್ಪ? ಡೇಲ್ ಅಲ್ಲಿಗೆ ಹೋಗಿಯಾದ್ರೂ ಬಂದ. ನೀವು ಇಲ್ಲೇ ಕೂತು ಹೊಲಿದ್ರಿ. ಈಗ ನೀವು ನನಗೆ ಹೇಳ್ತೀರಾ, ಗಂಡಸು ಯಾರು ಅಂತ?"

ಉಮ್ಮರಾಕ ಶರ್ಟನ್ನು ಮತ್ತೆ ಸರಿ ಮೈಗೆ ತಿರುಗಿಸಿ ಮಡಚಿದರು. ಹುಡುಗ ಬಾಗಿಲು ತೆರೆದು ಹೊರಟುಹೋದ. ಹನ್ನೊಂದನೆಯ ದಿನ ವಿಮಾನ ಹತ್ತಿದ.

ಮರುವಾರ ಡೇಲ್ ಇನ್ನೆರಡು ಶರ್ಟು ತಂದ. ನಿನ್ನ ಕೆಲಸ ನನ್ನಿಂದಾಗದು, ಖಲಾಸ್ ಎಂದು ಉಮ್ಮರಾಕ ಬಟ್ಟೆಯನ್ನು ಅವನ ಕೈಗೇ ಹಿಂದಕ್ಕೆ ಕೊಟ್ಟರು. ಇಪ್ಪತ್ತು ವರ್ಷದ ಹಿಂದೆ ಹೇಳಬೇಕಾದ ಮಾತು. ಗಾಜಿನ ಈಚೆಯಿಂದ ನೋಡಿ ನನಗೆ ಹೊಟ್ಟೆ ತಣ್ಣಗಾಯಿತು. ಡೇಲ್ ಎದುರು ಬದಿಯ ದರ್ಜಿಗೆ ಶರ್ಟು ಕೊಟ್ಟು ನೆಟ್ಟಗೆ ನನ್ನ ಅಂಗಡಿಗೆ ಬಂದ. ಎರಡನೇ ತಂಡಕ್ಕೆ ಹುಡುಗರು ಬೇಕು, ಜಾಹೀರಾತಿಗೆ ಒಂದು ಒಳ್ಳೆಯ ಫೋಟೋ ತೆಗೆ ಅಂದ.

ಆಗುವುದಿಲ್ಲ ಎಂಬ ಮಾತು ನನ್ನ ಗಂಟಲವರೆಗೆ ಬಂದಿತ್ತು, ದೇವರಾಣೆ. ಗಂಡಸರನ್ನು ಇಷ್ಟೆಲ್ಲ ಬೈಯುವ ನಾನು ದೀಪ ಹಾಕಿದೆ, ಗಲ್ಲ ಸ್ವಲ್ಪ ಮೇಲೆ ಎಂದೆ, ತೆಗೆದೆ. ಅವನು ಕೇಳಿದನೆಂದು ಕಂಪ್ಯೂಟರಿನಲ್ಲಿ ತೋಳನ್ನು ಇನ್ನೂ ಸ್ವಲ್ಪ ದಪ್ಪ ಮಾಡಿದೆ. ಗಾಜಿನ ಆಚೆ ಉಮ್ಮರಾಕ ನಿಂತಿದ್ದರು.

ಇವತ್ತು ಚಹಾ ಬರಲಿಕ್ಕಿಲ್ಲ ಎಂದುಕೊಂಡೆ. ನಾಲ್ಕು ಗಂಟೆಗೆ ಅವರೇ ಲೋಟ ಹಿಡಿದು ಬಂದರು. ಕಂಪ್ಯೂಟರಿನ ಪರದೆಯ ಮೇಲಿದ್ದ ಡೇಲ್‌ನ ತೋಳನ್ನು ನೋಡಿದರು, ಲೋಟವನ್ನು ನನ್ನ ಮುಂದಿಟ್ಟರು.

"ಸಿದ್ದೀಕ್ ಫೋನ್ ಮಾಡಿದ್ದ, ಬೆಟ್ಟಿ ಬಾಯಿ," ಅಂದರು. "ಜಾಕೆಟ್ ಸಿಕ್ಕಿದೆಯಂತೆ. ಪ್ಲೇಟು ಬರ್ತದಂತೆ."