ನೀರು ಮುಟ್ಟದೆ ನೋಡಿದ ಕಾಲೇಜು

ನಮ್ಮ ಅಜ್ಜಿಯ ಪ್ರಕಾರ ಹೆಣ್ಣುಮಗಳನ್ನು ಕಳಿಸುವ ಜಾಗ ಯಾವುದೇ ಆಗಲಿ, ಅದೊಂದು ಮನೆ. ಮನೆಯಾದ ಮೇಲೆ ಮೊದಲು ಹೋಗಿ ನೋಡಬೇಕು. ಅದು ಬಳ್ಳಾರಿಯ ಕಾಲೇಜು, ಅಲ್ಲಿ ಬೀಗರಿರುವುದಿಲ್ಲ, ಪ್ರಿನ್ಸಿಪಾಲರಿರುತ್ತಾರೆ ಎಂದು ನಾನು ವಾದಿಸಿದೆ. 'ಹೆಸರು ಏನರ ಇರಲಿ, ಒಬ್ಬ ಹಿರೇ ಮನಷ ಇರ್ತಾನಲ್ಲ' ಎಂದು ಅಜ್ಜಿ ಆ ವಾದವನ್ನು ಮುಗಿಸಿದಳು.

ಆಗ ನಾನು ಇಂಟರ್‌ಮೀಡಿಯೆಟ್ ಎರಡನೆಯ ವರ್ಷಕ್ಕೆ ಬಂದಿದ್ದೆ. ನಮ್ಮ ಮನೆ ಸಿರುಗುಪ್ಪದಲ್ಲಿ. ಬಳ್ಳಾರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆ. ಇಡೀ ಕಾಲೇಜಿನ ಹುಡುಗಿಯರು ಸೇರಿದರೆ ಒಂದು ಬೆಂಚು ತುಂಬುತ್ತಿತ್ತು. ಚರ್ಚಾಕೂಟದಲ್ಲಿ ನಾನೊಬ್ಬಳೇ. ಯಾವ ವಿಷಯ ಕೊಟ್ಟರೂ ಒಮ್ಮೆ ಪರವಾಗಿ, ಒಮ್ಮೆ ವಿರುದ್ಧವಾಗಿ ಮಾತಾಡಿ ಎರಡು ಸಲವೂ ಗೆಲ್ಲಬೇಕೆಂಬುದು ಅಲ್ಲಿಯ ತಾಲೀಮು. ಒಂದೇ ಒಂದು ವಿಷಯಕ್ಕೆ ನಿಷೇಧವಿತ್ತು: ಬಳ್ಳಾರಿ ಮೈಸೂರಿಗೆ ಸೇರಬೇಕೋ ಆಂಧ್ರಕ್ಕೋ ಎಂಬುದು. ನಾವಿನ್ನೂ ಮದ್ರಾಸಿನವರಾಗಿದ್ದ ಕಾಲ ಅದು. ಆ ವಿಷಯ ಎತ್ತಿದ ದಿನ ಕುರ್ಚಿಗಳು ಮುರಿದಿದ್ದವು, ಪರ ವಿರೋಧ ಎರಡೂ ಕಡೆ ಸಮನಾಗಿ.

ಕುರುಗೋಡಿನ ಚಿಕ್ಕಪ್ಪನ ಮಗಳು, ನನ್ನ ತಂಗಿ, ಸಿರುಗುಪ್ಪದಲ್ಲಿ ನಮ್ಮ ಮನೆಯಲ್ಲೇ ಇದ್ದು ಹೈಸ್ಕೂಲು ಮುಗಿಸಿದ್ದಳು. ಎಸ್ಸೆಸ್ಸೆಲ್ಸಿ ಪಾಸಾಗಿ ಊರಿಗೆ ಹೋಗಿ ಕೂತಿದ್ದಳು. ಅವಳಿಗೆ ಕಾಲೇಜು ಬೇಕಿತ್ತು. ಅಷ್ಟರಲ್ಲಿ ಸಿರಿಗೇರಿಯಿಂದ ಒಂದು ಸಂಬಂಧ ಬಂತು. ಅಜ್ಜಿ ಸಿರಿಗೇರಿಗೆ ಹೋಗಿ ಆ ಮನೆ ನೋಡಿ ಬಂದಳು, ಆದರೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಚಿಕ್ಕಪ್ಪ ಕಾಲೇಜಿಗೂ ತಲೆಯಾಡಿಸುತ್ತಿದ್ದರು, ಸಿರಿಗೇರಿಗೂ ತಲೆಯಾಡಿಸುತ್ತಿದ್ದರು. ತೀರ್ಮಾನ ಅಜ್ಜಿಯದು. 'ಸಿರಿಗೇರಿ ನೋಡೀನಿ. ಬಳ್ಳಾರಿನೂ ನೋಡ್ತೀನಿ. ಆಮ್ಯಾಲ ಹೇಳ್ತೀನಿ' ಅಂದಿದ್ದಳು. ತಂಗಿಯ ಓದು ಆ ಒಂದು ಭೇಟಿಯ ಮೇಲೆ ನಿಂತಿತ್ತು.

ಹೀಗೆ ನಿಂತ ವಿಷಯವನ್ನು ತಯಾರಿಯಿಲ್ಲದೆ ಎದುರಿಸುವುದು ನನಗೆ ಗೊತ್ತಿರಲಿಲ್ಲ. ಬೇಸಿಗೆ ರಜೆ ಮುಗಿಯುವ ಮೊದಲು ಅಜ್ಜಿಯೂ ಚಿಕ್ಕಪ್ಪನೂ ಇದ್ದ ಕುರುಗೋಡಿನ ಮನೆಗೆ ಹೋಗಿ ಬೀಡುಬಿಟ್ಟೆ. ಮನೆಯ ಹಿಂದೆ ದೊಡ್ಡದೊಂದು ಕಲ್ಲುಗುಂಡು ಇತ್ತು. ಸಂಜೆಗೆ ಅದರ ನೆರಳಲ್ಲಿ ತಂಗಿಯನ್ನು ಕೂರಿಸಿ ನಾನು ಪ್ರಿನ್ಸಿಪಾಲರಾದೆ.

'ನೀನು ಕಾಲೇಜಿಗೆ ಏಕೆ ಸೇರಬೇಕೆಂದಿದ್ದೀಯೆ?'

'ಓದಾಕ.'

'ಅಷ್ಟ ಅಂದ್ರ ಹೆಂಗ? ಕಾರಣ ಕೊಡಬೇಕು.'

'ಅಕ್ಕಾ, ಕಾಲೇಜಿಗೆ ಓದಾಕಲ್ದ ದನ ಕಾಯಾಕ ಹೋಗ್ತಾರೇನು?'

'ಪ್ರಿನ್ಸಿಪಾಲ್ರ ಮುಂದ ಹಿಂಗ ಮಾತಾಡಿದ್ರ ಹೊರಗ ಹಾಕ್ತಾರ ನಿನ್ನ.'

'ನೀ ಹಿಂಗ ಮಾತಾಡೇ ಒಳಗ ಅದಿಯಲ್ಲ.'

ಚರ್ಚಾಕೂಟದಲ್ಲಾಗಿದ್ದರೆ ಈ ಸುತ್ತು ಅವಳದು. ಅಕ್ಕನಾದ್ದರಿಂದ ಹಾಗೆ ಹೇಳಬೇಕಾಗಿರಲಿಲ್ಲ. ಸ್ತ್ರೀವಿದ್ಯಾಭ್ಯಾಸದಿಂದ ಮನೆಗೆ, ಊರಿಗೆ, ದೇಶಕ್ಕೆ ಆಗುವ ಪ್ರಯೋಜನಗಳನ್ನು ಕ್ರಮವಾಗಿ ಬಾಯಿಪಾಠ ಮಾಡಿಸಿದೆ. ಅವಳು ಅದನ್ನು ಮಗ್ಗಿಯಂತೆ ಒಪ್ಪಿಸಿದಳು. ದೇಶಕ್ಕೆ ಬರುವ ಹೊತ್ತಿಗೆ ಪ್ರತಿಸಲವೂ ಆಕಳಿಸುತ್ತಿದ್ದಳು.

ಚಿಕ್ಕಪ್ಪನಿಗೆ ನಾನು ಹೇಳಿಕೊಟ್ಟದ್ದು ಒಂದೇ: ಪ್ರಿನ್ಸಿಪಾಲರು ಮಾತಾಡುವಾಗ ತಲೆಯಾಡಿಸಿ, ಅಜ್ಜಿ ಮಾತಾಡುವಾಗ ಸುಮ್ಮನಿರಿ. ಅವರು ಅದಕ್ಕೂ ತಲೆಯಾಡಿಸಿದರು.

ಅಜ್ಜಿಯ ತಯಾರಿ ಬೇರೆ ನಡೆದಿತ್ತು. ಮನೆತನ ನೋಡಲು ಹೋಗುವಾಗ ನಮ್ಮಲ್ಲಿ ಕೆಲವು ಕಟ್ಟಳೆಗಳಿದ್ದವು. ಬಾವಿ ನೋಡಬೇಕು, ಅಡುಗೆ ಮನೆ ನೋಡಬೇಕು. ಆ ಮನೆಯ ಹಿರಿಯ ಸೊಸೆಯನ್ನು ಹಿತ್ತಲಿಗೆ ಕರೆದು ಹೆಂಗಸರೇ ಮಾತಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನಸ್ಸು ಒಪ್ಪುವ ತನಕ ಆ ಮನೆಯ ನೀರು ಮುಟ್ಟಬಾರದು. ನೀರು ಕುಡಿದರೆ ಹೆಣ್ಣು ಕೊಟ್ಟ ಹಾಗೆ.

'ಕಾಲೇಜಿನ್ಯಾಗ ಇದೆಲ್ಲ ನಡಿಯಂಗಿಲ್ಲಜ್ಜಿ.'

'ನಡ್ಸೋರು ನಾವು. ಅವರಿಗ್ಯಾಕ ತ್ರಾಸು?'

'ಹಿರೇ ಸೊಸಿ ಎಲ್ಲಿಂದ ತರ್ತಿ?'

'ನೀ ಅದಿಯಲ್ಲ' ಅಂದಳು ಅಜ್ಜಿ, ರೊಟ್ಟಿ ತಟ್ಟುವ ಕೈ ನಿಲ್ಲಿಸದೆ.

ಹೊರಡುವ ಬೆಳಿಗ್ಗೆ ಜಂತಿಯ ಮೇಲೆ ಹಲ್ಲಿ ಲೊಚಗುಟ್ಟಿತು. ಅಜ್ಜಿ ನೆಲಕ್ಕೆ ಬೆರಳು ಬಡಿದು 'ಚಲೋ ಆತು' ಅಂದಳು. ಹಲ್ಲಿ ದಿನಾ ಲೊಚಗುಟ್ಟುತ್ತದೆ, ಒಳ್ಳೆಯದಾಗದ ದಿನವೂ ಲೊಚಗುಟ್ಟಿರುತ್ತದೆ, ಆದ್ದರಿಂದ ಅದು ಸಾಕ್ಷಿಯಾಗುವುದಿಲ್ಲ ಎಂದು ನಾನು ತೋರಿಸಿಕೊಟ್ಟೆ. 'ಅದು ನಿನಗ ಹೇಳಿದ್ದಲ್ಲ ಬಿಡಲೇ' ಅಂದಳು.

ದಾರಿಗೆಂದು ಅಜ್ಜಿ ದೊಡ್ಡ ತಂಬಿಗೆಯಲ್ಲಿ ನೀರು ತಂದಿದ್ದಳು. ಅರ್ಧ ದಾರಿಯಲ್ಲಿ ಬಸ್ಸು ಹೊಗೆಯಾಡುತ್ತ ನಿಂತಿತು. ಡ್ರೈವರು ಇಳಿದು ಬಂದು ತಂಬಿಗೆಗೆ ಕೈ ಮುಗಿದ. ಅಜ್ಜಿ ಕೊಟ್ಟಳು. ನಮ್ಮ ನೀರನ್ನೆಲ್ಲ ಬಸ್ಸು ಕುಡಿಯಿತು. ಅದು ಯಾರ ಮನಸ್ಸು ಒಪ್ಪುವುದನ್ನೂ ಕಾಯಬೇಕಾಗಿರಲಿಲ್ಲ. ಬಳ್ಳಾರಿಯಲ್ಲಿ ಇಳಿದಾಗ ಕೋಟೆಯ ಬೆಟ್ಟ ಕಾದ ಹೆಂಚಿನಂತಿತ್ತು. ಮೊದಲು ಮಾವನ ಮನೆಗೆ ಹೋಗಿ ನೀರು ಕುಡಿದು ಹೋಗೋಣವೆಂದೆ. ನೋಡಲು ಹೊರಟವರು ನಡುವೆ ಇನ್ನೊಂದು ಹೊಸ್ತಿಲು ತುಳಿಯಬಾರದಂತೆ. ನೇರ ಕಾಲೇಜಿಗೆ ನಡೆದೆವು.

ಅಜ್ಜಿ ಮೊದಲು ಬಾವಿ ನೋಡಿದಳು. ಹಗ್ಗ ಹಿಡಿದು ನೋಡಿ, ಗಟ್ಟಿಯಿದೆ ಎಂದಳು. ರಸಾಯನಶಾಸ್ತ್ರದ ಪ್ರಯೋಗಶಾಲೆಯ ಕಿಟಕಿಯಲ್ಲಿ ಮುಖವಿಟ್ಟು, ಒಲೆಯಂಥವನ್ನೂ ಸೀಸೆಗಳನ್ನೂ ಕಂಡು, ಮೂಗು ಮುಚ್ಚಿಕೊಂಡು 'ಅಡಿಗಿಮನಿ ಸುಮಾರು' ಎಂದಳು. ಪುಸ್ತಕ ಭಂಡಾರದಲ್ಲಿ ನಿಂತು, 'ಇಷ್ಟೂ ಓದಿದವರು ಇಲ್ಲಿ ಯಾರು ಅದಾರ?' ಎಂದು ಅಲ್ಲಿಯ ಗುಮಾಸ್ತನನ್ನು ಕೇಳಿದಳು. ಯಾರೂ ಇಲ್ಲ ಎಂದ. 'ಖರೇ ಹೇಳಿದ' ಎಂದು ಮುಂದೆ ನಡೆದಳು.

ಪ್ರಿನ್ಸಿಪಾಲರು ಮದ್ರಾಸಿನ ಕಡೆಯವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು, ಅದನ್ನು ಪುಸ್ತಕದ ಹಾಗೆಯೇ ಆಡುತ್ತಿದ್ದರು. 'ದಯಮಾಡಿ ಆಸೀನರಾಗಿ' ಎಂದರು. ನಾವು ಕೂತೆವು. ಜವಾನ ವರಾಂಡದ ಹರವಿಯಿಂದ ಹಿತ್ತಾಳೆ ಲೋಟಗಳಲ್ಲಿ ನೀರು ತಂದಿಟ್ಟ. ಚಿಕ್ಕಪ್ಪನ ಕೈ ಲೋಟದ ಕಡೆ ಹೊರಟಿತು. ಅಜ್ಜಿ ನೋಡಿದಳು. ಕೈ ಅರ್ಧದಿಂದ ತಿರುಗಿ ಮೀಸೆಗೆ ಹೋಯಿತು. ತಂಗಿ ಲೋಟ ಕಾಣದ ಹಾಗೆ ಗೋಡೆಯ ಭೂಪಟ ನೋಡುತ್ತ ಕೂತಳು.

'ನೀರನ್ನು ಸ್ವೀಕರಿಸಿ.'

'ಇರಲಿ ಬಿಡ್ರಿ ಸಾಹೇಬ್ರ' ಅಂದಳು ಅಜ್ಜಿ.

'ಬಿಸಿಲು ತೀವ್ರವಾಗಿದೆ.'

'ಇರಲಿ ಬಿಡ್ರಿ.'

ಪ್ರಿನ್ಸಿಪಾಲರು ನಮ್ಮ ಒಣಗಿದ ತುಟಿಗಳನ್ನು ನೋಡಿದರು, ತುಂಬಿದ ಲೋಟಗಳನ್ನು ನೋಡಿದರು, ಜವಾನನ ಮುಖ ನೋಡಿದರು. ಆಮೇಲೆ ಕೈಯಲ್ಲಿದ್ದ ಪೆನ್ನಿಗೆ ಟೊಪ್ಪಿಗೆ ಹಾಕಿದರು.

'ಅಮ್ಮಾ, ಈ ಕಾಲೇಜಿಗೆ ಒಂದೇ ಮಡಕೆ. ಎಲ್ಲ ಜಾತಿಯ ವಿದ್ಯಾರ್ಥಿಗಳೂ ಅದರಿಂದಲೇ ಕುಡಿಯುತ್ತಾರೆ. ಇವನ ಕೈಯಿಂದಲೇ ಕುಡಿಯುತ್ತಾರೆ. ಆ ನೀರು ಬೇಡವಾದವರಿಗೆ ಈ ಕಾಲೇಜೂ ಬೇಡ. ತಮ್ಮ ಕನ್ಯೆಯನ್ನು ಕರೆದುಕೊಂಡು ಹೋಗಬಹುದು.'

ತಂಗಿ ಭೂಪಟದಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದಳು. ನಾನು ಎದ್ದು ನಿಂತೆ. ಎದ್ದು ನಿಲ್ಲುವುದೇ ನನ್ನ ತಾಲೀಮಾಗಿತ್ತು.

'ಸರ್, ಇದು ಜಾತಿಯ ಪ್ರಶ್ನೆಯಲ್ಲ. ಮನಸ್ಸು ಒಪ್ಪುವವರೆಗೆ ನೀರು ಕುಡಿಯಬಾರದೆಂಬ ಒಂದು ಪದ್ಧತಿ.'

'ಹಾಗಾದರೆ ನಿಮ್ಮ ಮನೆಯಲ್ಲಿ ಎಲ್ಲರ ಕೈಯ ನೀರೂ ನಡೆಯುತ್ತದೆಯೆ?'

ಒಳ್ಳೆಯ ಪ್ರಶ್ನೆ. ಎದುರು ಪಕ್ಷದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

'ನಡೆಯುವುದಿಲ್ಲ ಸರ್.'

'ಕುಳಿತುಕೊ.'

ಅಜ್ಜಿ ನನ್ನ ಕಡೆ ಬಾಗಿ, 'ಏನಂತಾರ?' ಎಂದಳು. ಹೇಳಿದೆ. ಅವಳು ಅಲ್ಲವೆನ್ನಲಿಲ್ಲ, ಸಿಟ್ಟಾಗಲೂ ಇಲ್ಲ. ಮೊದಲ ಸಲ ಪ್ರಿನ್ಸಿಪಾಲರನ್ನು ಸರಿಯಾಗಿ ನೋಡಿದಳು.

'ಚೂರು ತಡೀರಿ ಸಾಹೇಬ್ರ. ಈಗ ಬಂದ್ವಿ' ಎಂದು ನನ್ನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೊರಟಳು. ಕೋಣೆಯಲ್ಲಿ ಪ್ರಿನ್ಸಿಪಾಲರು, ತಂಗಿ ಮತ್ತು ತಲೆಯಾಡಿಸುತ್ತಿದ್ದ ಚಿಕ್ಕಪ್ಪ ಉಳಿದರು.

ಬಾವಿಕಟ್ಟೆಯ ಹತ್ತಿರ ನನ್ನನ್ನು ನಿಲ್ಲಿಸಿದಳು. 'ಈಗ ನೀ ನನ್ನ ಮೊಮ್ಮಗಳಲ್ಲ. ಈ ಮನಿ ಹಿರೇ ಸೊಸಿ. ಹೆಂಗ ನೋಡ್ಕೋತಾರ ಇಲ್ಲಿ?'

'ಅಜ್ಜಿ, ಸ್ತ್ರೀವಿದ್ಯಾಭ್ಯಾಸದಿಂದ ಮೊದಲನೇದಾಗಿ...'

'ಅದನ್ನ ಆಕಿ ಗುಂಡಿನ ಬುಡಕ ಕುಂತು ಒದರೋದು ಕೇಳೀನಿ. ನೀ ಇಲ್ಲಿ ಯಾವಾಗರ ಅತ್ತೀಯೇನು?'

ಇದಕ್ಕೆ ನನ್ನಲ್ಲಿ ತಯಾರಿ ಇರಲಿಲ್ಲ. ಪರ ಯಾವುದು, ವಿರೋಧ ಯಾವುದು ಎಂದು ಯೋಚಿಸುವಷ್ಟರಲ್ಲಿ ಬಾಯಿ ಹೇಳುತ್ತಿತ್ತು. ಹುಡುಗರು ನಮ್ಮ ಬೆಂಚಿಗೆ ಅಂಟು ಬಳಿಯುತ್ತಾರೆ. ಹೆಂಗಸರಿಗೆ ಹೊರಕಡೆಗೆ ಹೋಗಲು ಜಾಗವಿಲ್ಲ, ಪಕ್ಕದ ಮನೆಯವರನ್ನು ಕೇಳಿಕೊಂಡು ಹೋಗಬೇಕು. ಕೆಲವು ಮೇಷ್ಟ್ರು ಪಾಠ ಮಾಡುವಾಗ ನಮ್ಮ ಬೆಂಚು ಇರುವ ಕಡೆ ತಿರುಗುವುದೇ ಇಲ್ಲ. ನಾನು ಮೊದಲ ಸಲ ಮಾತಾಡಲು ನಿಂತ ದಿನ ಹಿಂದಿನ ಸಾಲಿನವರು ಸೀಟಿ ಹೊಡೆದರು. ಹೊರಗೆ ಹೋಗಿ ಅತ್ತೆ.

'ಆಮ್ಯಾಲ?'

'ಮುಖ ತೊಳಕೊಂಡು ಬಂದು ಮಾತಾಡಿದೆ. ಗೆದ್ದೆ.'

'ಗೆದ್ದದ್ದು ಕೇಳ್ಲಿಲ್ಲ ನಾ. ಯಾಕ ಅತ್ತಿ ಅಂತ ಯಾರರ ಬಂದು ಕೇಳಿದ್ರೇನು?'

'ಪ್ರಿನ್ಸಿಪಾಲ್ರು ಕೇಳಿದ್ರು. ಮರುದಿನ ಸೀಟಿ ಹೊಡದೋರನ್ನ ಎಲ್ಲಾರ ಮುಂದ ನಿಲ್ಲಿಸಿದ್ರು. ಅದರಾಗ ಒಬ್ಬ ದೊಡ್ಡ ಸಾವ್ಕಾರ್ರ ಮಗ.'

'ಅವನ್ನೂ ನಿಲ್ಲಿಸಿದ್ರು?'

'ಅವನ್ನ ಮೊದಲು ನಿಲ್ಲಿಸಿದ್ರು.'

ಅಜ್ಜಿ ಬಾವಿಯೊಳಗೆ ನೋಡುತ್ತ ನಿಂತಳು. ನಾನು ನನ್ನ ಪಕ್ಷವನ್ನು ನಾನೇ ಸೋಲಿಸಿದ್ದೆ. ತಂಗಿ ಸಿರಿಗೇರಿಯ ಯಾವುದೋ ಅಡುಗೆಮನೆಯಲ್ಲಿ ಮಗ್ಗಿ ಮರೆಯುತ್ತ ಕೂತಿರುವುದು ಕಣ್ಣಿಗೆ ಕಂಡಿತು. ಮುರಿದದ್ದನ್ನು ಕಟ್ಟಲು ಹೊರಟೆ: 'ಆದ್ರೂ ಅಜ್ಜಿ, ನಾವಿಬ್ರು ಇದ್ರ...'

'ಬಾಯಿ ಮುಚ್ಚಲೇ ಒಂದೀಟು. ಸಿರಿಗೇರ್ಯಾಗೂ ಹಿರೇ ಸೊಸಿನ್ನ ಹಿಂಗ ಹಿತ್ತಲಕ ಕರದು ಕೇಳಿದ್ದೆ. ಬಂಗಾರದಂಥ ಮನಿ, ಒಂದು ದಿನ ಕಣ್ಣಾಗ ನೀರು ಹಾಕಿಲ್ಲ ಅಂದ್ಲು. ಅಷ್ಟು ಹೇಳೂ ಹೊತ್ತಿಗೆ ಬಾಗಲದ ಕಡಿ ಎಷ್ಟು ಸಲ ನೋಡಿದ್ಲೋ. ನೀ ಅಂಟು, ಸೀಟಿ ಎಲ್ಲ ಹೇಳಿದಿ. ಒಂದು ಸಲನೂ ಬಾಗಲಾ ನೋಡ್ಲಿಲ್ಲ.'

ಇದು ಸಾಕ್ಷಿಯಾಗುತ್ತದೆಯೇ ಎಂದು ನಾನು ಯೋಚಿಸುತ್ತಿರುವಾಗಲೇ ಅವಳು ವರಾಂಡ ತಲುಪಿದ್ದಳು.

ಒಳಗೆ ಲೋಟಗಳು ಇಟ್ಟಲ್ಲೇ ಇದ್ದವು. ಅಜ್ಜಿ ಕೂತು, ಜವಾನನಿಗೆ 'ಇದು ಬಿಸಿ ಆಗೇತಿ. ಬ್ಯಾರೆ ತಣ್ಣಂದು ತುಂಬ್ಕೊಂಡು ಬಾರಪ್ಪಾ' ಅಂದಳು. ತಂದ. ಅವನ ಕೈಯಿಂದಲೇ ಲೋಟ ತೆಗೆದುಕೊಂಡಳು. ನಮ್ಮ ಮನೆಯಲ್ಲಿ ಅವನ ಜಾತಿಯವರು ಅಂಗಳದಿಂದ ಈಚೆಗೆ ಬರುವಂತಿರಲಿಲ್ಲ. ಅದು ಅಜ್ಜಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಅವನಿಗೂ ಗೊತ್ತಿದ್ದಂತೆ ಕಂಡಿತು. ಎಲ್ಲಿ ಹೋದರೂ ಎತ್ತಿ ಕುಡಿಯುವವಳು ಅವತ್ತು ತುಟಿಗಿಟ್ಟು ಕಚ್ಚಿ ಕುಡಿದಳು. ಖಾಲಿ ಲೋಟವನ್ನು ಮೇಜಿನ ಮೇಲೆ ಸಪ್ಪಳವಾಗುವಂತೆ ಇಟ್ಟು, 'ಕುಡೀರಿ ಇನ್ನ' ಅಂದಳು. ಚಿಕ್ಕಪ್ಪ ತಮ್ಮದನ್ನು ಕುಡಿದು, ನನ್ನದನ್ನೂ ಕುಡಿದರು. ತಂಗಿ ಎರಡೂ ಕೈಯಲ್ಲಿ ಲೋಟ ಹಿಡಿದು ಗಟಗಟ ಕುಡಿಯುತ್ತಿದ್ದಳು. ಕುಡಿಯುತ್ತಲೇ ಅವಳ ಕಣ್ಣು ತುಂಬಿದ್ದನ್ನು ನೋಡಿದೆ; ನೆತ್ತಿಗೇರಿತು ಎಂದಳು.

ಪ್ರಿನ್ಸಿಪಾಲರು ಪೆನ್ನಿನ ಟೊಪ್ಪಿಗೆ ತೆಗೆದರು.

'ಕುಮಾರಿ, ನೀನು ಕಾಲೇಜಿಗೆ ಏಕೆ ಸೇರಬೇಕೆಂದಿದ್ದೀಯೆ?'

'ಓದಾಕ ಸರ್.'

'ಸರಿ' ಎಂದು ಅವರು ಬರೆದುಕೊಂಡರು. ಮನೆ, ಊರು, ದೇಶ ಮೂರೂ ಉಳಿದವು.

ವಾಪಸು ಬಸ್ಸು ಹತ್ತಿಸಲು ಹೋದಾಗ ನಾನು ಅಜ್ಜಿಯನ್ನು ಬಿಡಲಿಲ್ಲ. 'ಹಂಗಾರ ಇನ್ನ ಮ್ಯಾಲ ನಮ್ಮನ್ಯಾಗೂ ಎಲ್ಲಾರ ಕೈನೀರು ನಡೀತೈತಿ ಅಂದಂಗಾತು.'

'ಹೆಣ್ಣು ಕೊಟ್ಟ ಮನ್ಯಾಗ ನೀರು ಕುಡಿಲಿಲ್ಲಂದ್ರ ಹೆಂಗಲೇ? ನಮ್ಮನಿ ಬ್ಯಾರೆ.'

'ಅದು ತರ್ಕ ಅಲ್ಲಜ್ಜಿ.'

'ಅಲ್ಲ' ಎಂದು ಒಪ್ಪಿಕೊಂಡು ಬಸ್ಸು ಹತ್ತಿದಳು. ಕುರುಗೋಡಿನ ಮನೆಯ ಅಂಗಳ ಆಮೇಲೂ ಇದ್ದ ಹಾಗೆಯೇ ಇತ್ತು. ನಾನು ಪ್ರತಿ ರಜೆಯಲ್ಲೂ ವಾದಿಸಿದೆ, ಪ್ರತಿ ರಜೆಯಲ್ಲೂ ನನ್ನ ವಾದವೇ ಸರಿಯಾಗಿತ್ತು.

ಆ ವರ್ಷದ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರು ಭಾಷಣ ಮಾಡುತ್ತ, ಗ್ರಾಮದ ವೃದ್ಧ ಮಾತೆಯೊಬ್ಬರು ನಮ್ಮ ಕಾಲೇಜಿನ ಒಂದು ಲೋಟ ನೀರಿನಲ್ಲಿ ತಲೆತಲಾಂತರದ ಜಾತಿಯನ್ನು ವಿಸರ್ಜಿಸಿದರು ಎಂದು ಹೇಳಿದರು. ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ಆ ಮಾತಿನಲ್ಲಿ ಎಷ್ಟು ತಪ್ಪುಗಳಿವೆ ಎಂದು ತೋರಿಸಲು ನಾನು ಎದ್ದೆ. ಪಕ್ಕದಲ್ಲಿ ಅದೇ ಬೆಂಚಿನ ಮೇಲೆ ಕೂತಿದ್ದ ತಂಗಿ ಸೆರಗು ಹಿಡಿದು ಎಳೆದಳು.

'ಕುಂದ್ರು ಅಕ್ಕಾ' ಅಂದಳು. 'ನನಗಿನ್ನೂ ಒಂದು ವರ್ಷ ಐತಿ.'

ಕೂತೆ.