ಎಲ್ಲ ಕಡೆ ನಡೆಯುವ ಪ್ಲೇಯರ್

೧೯೯೩ರಲ್ಲಿ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟೆ. ಆಮೇಲೆ ಕಲಿತದ್ದೆಲ್ಲ ಕೈಯಿಂದ. ಮುಂಡಗೋಡದಲ್ಲಿದ್ದುಕೊಂಡು ಮದುವೆಗಳಿಗೆ ಶಾಮಿಯಾನ, ಸೌಂಡ್ ಕೊಡುತ್ತೇನೆ. ನನ್ನ ಸೆಟ್ ನಡುವೆ ಕೈಕೊಟ್ಟಿತೆಂದು ಯಾರೂ ಹೇಳಲಾರರು, ಒಂದು ಮದುವೆಯ ಹೊರತು.

ಅವ್ವ ತೀರಿಕೊಂಡ ವರ್ಷವೇ ಮಳಗಿ ಊರಿಗೆ ಕೊಟ್ಟ ನನ್ನ ತಂಗಿ ತನ್ನ ಮಗಳ ಮದುವೆ ಮಾಡಿದಳು. ಅವ್ವ ಹಾಡಿದ ಸೋಬಾನೆ ಪದವೊಂದು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿತ್ತು. ಅಕ್ಷತೆಗೆ ಮೊದಲು ಅದನ್ನು ಹಚ್ಚು ಅಂದಿದ್ದಳು ತಂಗಿ. ಬೇರೇನೂ ಕೇಳಿರಲಿಲ್ಲ.

ಅಷ್ಟರಲ್ಲಿ ಲ್ಯಾಪ್‌ಟಾಪ್ ಹುಬ್ಬಳ್ಳಿಗೆ ರಿಪೇರಿಗೆ ಹೋಗಿ ಬಂದಿತ್ತು. ಹಾಡು ಹಚ್ಚುವ ನನ್ನ ಚಿಕ್ಕ ಪ್ಲೇಯರ್ ತೆಗೆದು ಅಂಗಡಿಯವನು ಬೇರೊಂದನ್ನು ಹಾಕಿದ್ದ.

“ಇದು ಎಲ್ಲಾ ನಮೂನಿ ಕಂಪ್ಯೂಟರ್‌ನಾಗೂ ನಡೀತೈತ್ರಿ.”

“ನನ್ನ ಹತ್ರ ಇರೂದು ಒಂದ ಐತೋ ಮಾರಾಯ. ಅದರಾಗ ನಡದ್ರ ಸಾಕು.”

“ಹಳೇದು ಈಗ ಸಿಗಂಗಿಲ್ಲ, ಅಣ್ಣಾರ.”

ಯಾವ ಕಂಪ್ಯೂಟರಿನಲ್ಲಿ ಏನಿರುತ್ತದೋ ತಿಳಿಯದು, ಹಾಗಾಗಿ ಬೇಕಾದದ್ದನ್ನೆಲ್ಲ ಈ ಪ್ಲೇಯರ್ ತನ್ನ ಜೊತೆಗೇ ತರುತ್ತದೆ, ಅದಕ್ಕೇ ಇಷ್ಟು ಭಾರ ಎಂದ. ನನಗೆ ಕೂಡಲೇ ತಿಳಿಯಿತು. ಜೋಯಿಡಾದ ಕಾಡಿನ ಊರುಗಳಿಗೆ ಹೋಗುವಾಗ ಜನರೇಟರ್, ನೀರಿನ ಡ್ರಮ್, ಕಂಬ, ಹಗ್ಗ ಎಲ್ಲ ಹೇರಿಕೊಂಡು ಹೋಗುತ್ತೇನೆ. ಹಳಿಯಾಳದ ಕಲ್ಯಾಣ ಮಂಟಪಕ್ಕಾದರೆ ಒಂದು ಚೀಲ ಸಾಕು. ಈ ಪ್ಲೇಯರ್ ಮಂಟಪಕ್ಕೂ ಜನರೇಟರ್ ಹೊತ್ತು ಬರುವಂಥದ್ದು. ಮಾಡಿದವರಿಗೆ ಒಂದೇ ಸಲ ಮಾಡಿದರೆ ಮುಗಿಯಿತು. ಹೊರುವುದು ನಮ್ಮ ಯಂತ್ರ.

ಮನೆಯಲ್ಲಿ ಹಚ್ಚಿ ನೋಡಿದ್ದೆ. ತಡವಾಗಿಯಾದರೂ ತೆರೆದಿತ್ತು. ಮದುವೆಯಲ್ಲಿ ಅದೇ ಲ್ಯಾಪ್‌ಟಾಪ್ ಪರದೆಯ ಮೇಲೆ ಫೋಟೋಗಳನ್ನೂ ತೋರಿಸುತ್ತಿತ್ತು. ಪ್ಲೇಯರ್ ಒತ್ತಿದರೆ ಚಕ್ರ ತಿರುಗುತ್ತಲೇ ಉಳಿಯಿತು. ಮದುವೆ ಮಾಡಿಸಲು ಬಂದಿದ್ದ ಅಯ್ಯನವರು ಗಡಿಯಾರ ನೋಡಿದರು.

“ವ್ಯಾಳ್ಯಾ ಆತು. ಏನಂತೈತಿ ನಿನ್ನ ಡಬ್ಬಿ?”

“ತೆರಕೊಳ್ಳಾಕತ್ತೈತ್ರಿ.”

“ಅದು ತೆರಿಯೂದ್ರಾಗ ಇವರಿಗೆ ಮಕ್ಕಳಾಗ್ತಾವು.”

ಜನ ನಕ್ಕರು. ತಂಗಿ ಒಮ್ಮೆ ನನ್ನ ಕಡೆ ನೋಡಿದಳು. ಅಕ್ಷತೆ ಬಿತ್ತು.

ಊಟದ ಪಂಕ್ತಿ ಕೂತ ಮೇಲೆ, ನಾನು ಮುಟ್ಟದೆಯೇ ಅವ್ವನ ದನಿ ಬಂತು. ಯಾರೂ ತಲೆ ಎತ್ತಲಿಲ್ಲ. ಸಾರಿನ ಬಕೆಟ್ ಹಿಡಿದಿದ್ದ ತಂಗಿ ನಿಂತಳು. “ಅಕ್ಕಾರ, ಇಲ್ಲಿ ಒಂದೀಟು ಸಾರು,” ಎಂದರು ಯಾರೋ. ಬಡಿಸಿದಳು. ನಾನು ಸದ್ದು ಏರಿಸಲೂ ಇಲ್ಲ, ನಿಲ್ಲಿಸಲೂ ಇಲ್ಲ. ಪದ ಮುಗಿಯಿತು.

ಮದುವೆ ಮಾಡಲು ತಂಗಿಗೆ ಇನ್ನೊಬ್ಬ ಮಗಳಿಲ್ಲ. ನನಗೀಗ ಎರಡು ಸೌಂಡ್ ಸೆಟ್, ಮುನ್ನೂರು ಕುರ್ಚಿ, ಒಂದು ಟೆಂಪೊ, ಒಬ್ಬ ತಂಗಿ.