ಗುಡಗೇರಿ ಬಸ್ಸಿನಲ್ಲಿ ನಿಂತ ನೋವು

ದೆವ್ವ, ದೃಷ್ಟಿ, ಮಾಟ ಎಂದರೆ ನಗುತ್ತಿದ್ದವಳು ನಾನು. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಗದೆ ಇರುವುದು ಹೇಗೆ? ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಒಂಬತ್ತು ವರ್ಷಗಳಿಂದ ನನಗೆ ಸೊಂಟನೋವು. ಬಸ್ಸೆಂದರೆ ಎದೆ ಧಸಕ್ಕೆನ್ನುತ್ತದೆ. ಗಾಲಿಯ ಮೇಲಿನ ಸೀಟು ಬೇಡ, ಸೊಂಟಕ್ಕೆ ಬೆಲ್ಟು ಬೇಕು, ಬೆನ್ನಿಗೆ ದಿಂಬು ಬೇಕು, ನಡುನಡುವೆ ಎದ್ದು ನಿಲ್ಲಬೇಕು. ಇಷ್ಟೆಲ್ಲ ಮಾಡಿದರೂ ಇಳಿಯುವಾಗ ಕಣ್ಣಲ್ಲಿ ನೀರು. ಹೀಗಾಗಿ ಗುಡಗೇರಿಯ ಅಕ್ಕ ಹಾಸಿಗೆ ಹಿಡಿದ ಮೇಲೂ ಇವತ್ತು ನಾಳೆ ಎಂದು ದಿನ ದೂಡಿದೆ. ಅದು ನನ್ನ ತಪ್ಪು.

ಒಂದು ಬೆಳಿಗ್ಗೆ ಅಕ್ಕನ ಮಗಳು ಫೋನು ಮಾಡಿದಳು. "ಚಿಗವ್ವಾ, ಇವತ್ತ ಬಂದಬಿಡು. ನಾಳಿ ಅನಬ್ಯಾಡ."

ನಮ್ಮೂರು ಮಿಶ್ರಿಕೋಟಿಯಿಂದ ಹುಬ್ಬಳ್ಳಿಯವರೆಗೆ ಹಲ್ಲು ಕಚ್ಚಿ ಕೂತೆ. ಅಲ್ಲಿ ಗುಡಗೇರಿ ಬಸ್ಸು ಸಿಕ್ಕಿತು, ಸೀಟು ಮಾತ್ರ ಹಿಂದಿನ ಗಾಲಿಯ ಮೇಲೆ. ಪ್ರತಿ ತಗ್ಗಿಗೂ ಜೀವ ಹೋಗಿ ಬರುತ್ತಿತ್ತು. ಇನ್ನು ಆಗದು, ಕುಂದಗೋಳದಲ್ಲೇ ಇಳಿದುಬಿಡೋಣ ಎಂದು ಚೀಲ ಎತ್ತಿಕೊಂಡೆ. ಅಷ್ಟರಲ್ಲಿ ನೋವು ನಿಂತಿತು. ಕಡಿಮೆಯಾಗಲಿಲ್ಲ, ನಿಂತಿತು. ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಗಿ, ಕಾಲು ಜೋಮು ಹಿಡಿದಿದೆಯೇನೋ ಎಂದು ಚಿವುಟಿ ನೋಡಿಕೊಂಡೆ. ಆಗ ಹನ್ನೊಂದೂವರೆ. ಆಮೇಲೆ, ಹೇಳಲು ನಾಚಿಕೆ, ಸುಖವಾಗಿ ನಿದ್ದೆ ಹೋದೆ.

ನಾನು ಹೋದಾಗ ಅಕ್ಕ ಸೊಂಟ ಹಿಡಿದುಕೊಂಡು ನರಳುತ್ತಿದ್ದಳು. ಅವಳ ಕಾಯಿಲೆ ಎದೆಯದು, ಸೊಂಟದ್ದಲ್ಲ. ಹನ್ನೊಂದೂವರೆಯ ಸುಮಾರಿಗೆ ಮಗಳ ಮೊಬೈಲಿನಲ್ಲಿದ್ದ ನನ್ನ ಫೋಟೋ ತೋರಿಸೆಂದು ಕೇಳಿ, ಅದರ ಮೇಲೆ ಕೈಯಾಡಿಸಿ ನೆಟಿಕೆ ಮುರಿದು, "ನಿನ್ನ ಬ್ಯಾನಿ ನನಗ ಬರ್ಲಿ" ಅಂದಳಂತೆ. ನಮ್ಮ ಕಡೆ ಹೆಂಗಸರು ಮಕ್ಕಳನ್ನು ಮುದ್ದು ಮಾಡುತ್ತ ದಿನಕ್ಕೆ ಹತ್ತು ಸಲ ಅನ್ನುವ ಮಾತು ಅದು. ಯಾರಿಗೂ ಯಾವ ಬೇನೆಯೂ ಬಂದದ್ದು ನಾನು ಕಂಡಿಲ್ಲ.

ಅವಳ ಕೈ ಹಿಡಿದು, "ಅಕ್ಕಾ, ನಂದು ನನಗ ಕೊಡ" ಎಂದೆ. ವಿಜ್ಞಾನದ ಟೀಚರು ಹಾಗೆ ಕೇಳಿದ್ದು ಹೌದು.

"ಇರ್ಲಿ ಬಿಡವಾ. ನೀ ಹೊಳ್ಳಿ ಮನಿ ಮುಟ್ಟಬೇಕಲ್ಲ" ಎಂದು ಮುಖ ಗೋಡೆಯ ಕಡೆ ತಿರುಗಿಸಿದಳು. ಸಂಜೆಗೆ ಹೋದಳು.

ಮೂರು ದಿನದ ಕಾರ್ಯ ಮುಗಿಯುವವರೆಗೂ ಸೊಂಟ ನೋಯಲಿಲ್ಲ. ತಿರುಗಿ ಬರುವಾಗ ಬೇಕೆಂದೇ ಹಿಂದಿನ ಗಾಲಿಯ ಮೇಲೆ ಕೂತೆ. ಅದೇ ದಾರಿ, ಅದೇ ತಗ್ಗು, ಒಂದು ಚಳಕೂ ಇಲ್ಲ. ನೋವು ಬರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಬಂದಿದ್ದರೆ ಅಕ್ಕ ನನ್ನ ನೋವು ಹೊತ್ತು ಸಾಯಲಿಲ್ಲ ಎಂದಾದರೂ ಆಗುತ್ತಿತ್ತು.

ದುಃಖದಲ್ಲಿ ಮೈ ಹೀಗೆ ನೋವು ಮರೆಯುವುದುಂಟು ಎಂದು ಆಮೇಲೆ ಡಾಕ್ಟರು ಹೇಳಿದರು. ಇರಬಹುದು. ಆದರೆ ಅವತ್ತು ನಾನು ಬಾಗಿಲ ಕೀಲಿ ತೆಗೆದು ಮನೆಯೊಳಗೆ ಒಂದು ಕಾಲಿಟ್ಟೆ, ಸೊಂಟ ಹಿಡಿದು ಇನ್ನೊಂದು ಕಾಲು ಎತ್ತಲು ಆಗಲಿಲ್ಲ.